ಮಗ ಪೆನ್ಸಿಲ್ಲನ್ನು ಮುಷ್ಟಿಯಲ್ಲೇ ಹಿಡಿಯುತ್ತಾನೆ, ಮಗಳು ಅಂಬೆಗಾಲೇ ಇಟ್ಟಿಲ್ಲ: ಎಲ್ಲಿಂದ ಶುರು ಮಾಡುವುದು?

ಎಳೆಬಿಸಿಲು ಕೇಳಿದ್ದು:

ಇಬ್ಬರು ಮಕ್ಕಳ ಬಗ್ಗೆ ಒಟ್ಟಿಗೇ ಕೇಳುತ್ತಿದ್ದೇನೆ, ದಯವಿಟ್ಟು ಬೇಸರಿಸಬೇಡಿ.

ದೊಡ್ಡವನಿಗೆ 4 ವರ್ಷ 8 ತಿಂಗಳು. ಓಡುತ್ತಾನೆ, ಹತ್ತುತ್ತಾನೆ, ಎರಡೂ ಕಾಲು ಜೋಡಿಸಿ ಜಿಗಿಯುತ್ತಾನೆ. ಆದರೆ ಪೆನ್ಸಿಲ್ಲನ್ನು ಈಗಲೂ ಮುಷ್ಟಿಯಲ್ಲೇ ಹಿಡಿಯುತ್ತಾನೆ. ಕಾಗದ ಹರಿಯುವಷ್ಟು ಒತ್ತುತ್ತಾನೆ, ಎರಡು ಸಾಲು ಮುಗಿಯುವಷ್ಟರಲ್ಲಿ ಕೈನೋವು ಎನ್ನುತ್ತಾನೆ. ಕತ್ತರಿ ಕೊಟ್ಟರೆ ಕಾಗದ ತುಂಡಾಗುವುದಿಲ್ಲ, ಅಲಗುಗಳ ನಡುವೆ ಮಡಚಿಕೊಂಡು ನಿಲ್ಲುತ್ತದೆ. ಚಮಚ, ಕತ್ತರಿ, ಕ್ರೇಯಾನ್ ಎಲ್ಲವೂ ಎಡಗೈಯಲ್ಲಿ. ಚೆಂಡು ಎಸೆದರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾನೆ. ಶಾಲೆಯಲ್ಲಿ ದಿನಕ್ಕೊಂದು ಪುಟ ಅಕ್ಷರ ಬರೆಸಿ ಎಂದಿದ್ದಾರೆ.

ಚಿಕ್ಕವಳಿಗೆ 13 ತಿಂಗಳು. ಕೂತ ಭಂಗಿಯಲ್ಲೇ ಜಾರಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಅಂಬೆಗಾಲು ಇಟ್ಟೇ ಇಲ್ಲ, ಇನ್ನೂ ನಡೆಯುತ್ತಿಲ್ಲ. ಮನೆಯ ಹಿರಿಯರು ವಾಕರ್ ತನ್ನಿ ಅನ್ನುತ್ತಿದ್ದಾರೆ.

ದೊಡ್ಡವನಿಗೆ ಬರೆಸುವುದನ್ನು ಹೆಚ್ಚಿಸಬೇಕೋ ನಿಲ್ಲಿಸಬೇಕೋ? ಚಿಕ್ಕವಳಿಗೆ ಕಾಯುವುದೋ, ಡಾಕ್ಟರಿಗೆ ತೋರಿಸುವುದೋ?

---

ಬೆರಳಿಗೆಬೆರಳು:

ಮೊದಲು ಪೆನ್ಸಿಲ್ ವಿಷಯ.

ಹಿಡಿತ ಸುಮಾರಾಗಿ ಹೀಗೆ ಬೆಳೆಯುತ್ತದೆ. ಒಂದರಿಂದ ಒಂದೂವರೆ ವರ್ಷದಲ್ಲಿ ಪೂರ್ತಿ ಮುಷ್ಟಿ, ಗೀಚುವಾಗ ಇಡೀ ತೋಳು ಆಡುತ್ತದೆ. ಎರಡು-ಮೂರು ವರ್ಷದಲ್ಲಿ ಬೆರಳುಗಳೆಲ್ಲ ಕೆಳಮುಖವಾಗಿ ಕಡ್ಡಿಯ ಮೇಲೆ ಬರುತ್ತವೆ, ಆಡುವುದು ಮುಂಗೈ. ಮೂರೂವರೆ-ನಾಲ್ಕಕ್ಕೆ ಮೂರು ಬೆರಳು ಸೇರುತ್ತವೆ, ಆದರೆ ಚಲನೆ ಇನ್ನೂ ಮಣಿಕಟ್ಟಿನದೇ. ಬೆರಳುಗಳೇ ಬಾಗಿ ಚಾಚಿ ಗೆರೆ ಎಳೆಯುವ ಹಂತ ನಾಲ್ಕೂವರೆಯಿಂದ ಆರರ ನಡುವೆ ಬರುತ್ತದೆ. ಹಾಗಾಗಿ ನಿಮ್ಮ ಮಗ ಸ್ವಲ್ಪ ಹಿಂದಿದ್ದಾನೆ. ಅದು ಗಮನ ಕೊಡಬೇಕಾದ ವಿಷಯ, ಗಾಬರಿಯಾಗುವಂಥದ್ದಲ್ಲ. ಮುಷ್ಟಿ ಹಿಡಿತದಲ್ಲಿ ದಿನಕ್ಕೊಂದು ಪುಟ ಬರೆಸಿದರೆ ಅವನು ಅಭ್ಯಾಸ ಮಾಡುವುದು ಮುಷ್ಟಿಯನ್ನೇ. ಪುಟ ಬರೆಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಬರವಣಿಗೆಯ ತಯಾರಿಯನ್ನು ಮಾತ್ರ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮೊದಲು ಕುರ್ಚಿ ನೋಡಿ. ಪಾದ ಗಾಳಿಯಲ್ಲಿ ತೂಗುತ್ತಿದ್ದರೆ ಮಗು ಬೀಳದಿರಲೆಂದು ಮೇಜಿಗೆ ಒರಗುತ್ತದೆ. ಒರಗಿದ ಕೈ ಆಧಾರದ ಕಂಬವಾಗುತ್ತದೆ, ಬರೆಯಲು ಸ್ವತಂತ್ರವಾಗಿ ಉಳಿಯುವುದಿಲ್ಲ. ಪಾದ ಪೂರ್ತಿ ಊರಬೇಕು, ಮಂಡಿ ಮತ್ತು ಸೊಂಟ ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು. ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ ಮೇಜು ಮೊಣಕೈಗಿಂತ 2ರಿಂದ 5 ಸೆಂ.ಮೀ. ಮೇಲಿರಲಿ. ಮೇಜು ಎತ್ತರವಾದರೆ ಭುಜ ಕಿವಿಯತ್ತ ಏರುತ್ತದೆ, ಒತ್ತಡವೆಲ್ಲ ಪೆನ್ಸಿಲ್ ಮೊನೆಗೆ ಹೋಗುತ್ತದೆ. ಕಾಲ ಕೆಳಗೆ ಗಟ್ಟಿ ಪೆಟ್ಟಿಗೆ, ಬೆನ್ನ ಹಿಂದೆ ಮಡಚಿದ ಹೊದಿಕೆ ಇಟ್ಟರೂ ಸಾಕು. ಹೊಸ ಪೀಠೋಪಕರಣ ಬೇಕಿಲ್ಲ.

ಆಮೇಲೆ ಉಪಕರಣ. ಉದ್ದದ ಪೆನ್ಸಿಲ್ ಕೊಟ್ಟು "ಸರಿಯಾಗಿ ಹಿಡಿ" ಎಂದು ನೂರು ಸಲ ಹೇಳುವ ಬದಲು ಕ್ರೇಯಾನನ್ನು 2–3 ಸೆಂ.ಮೀ. ತುಂಡು ಮಾಡಿ ಕೊಡಿ. ಅಷ್ಟು ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿದರೆ ಬರೆಯಲು ಮೊನೆಯೇ ಉಳಿಯುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿಯೇ ಮುಂದೆ ಬರುತ್ತವೆ. ಉಂಗುರ ಬೆರಳು, ಕಿರುಬೆರಳು ಇನ್ನೂ ಚಾಚಿಕೊಂಡೇ ಇದ್ದರೆ ಆ ಎರಡರ ಕೆಳಗೆ ಸಣ್ಣ ಹತ್ತಿಯುಂಡೆ ಇಟ್ಟು "ಇದನ್ನು ಬೀಳಿಸಬೇಡ" ಎನ್ನಿ. ಅಂಗೈಯ ಕಿರುಬೆರಳ ಭಾಗ ಆಧಾರವಾಗಿ ನಿಲ್ಲಬೇಕು, ಹೆಬ್ಬೆರಳ ಭಾಗ ಕೆಲಸ ಮಾಡಬೇಕು. ಈ ಎರಡರ ಬೇರ್ಪಡೆ ಆಗದಿದ್ದರೆ ಹಿಡಿತ ಬೆಳೆಯುವುದಿಲ್ಲ.

ಮೊದಲ ಎರಡು ವಾರ ಬರವಣಿಗೆ ಗೋಡೆಯ ಮೇಲಾಗಲಿ. ಕಾಗದವನ್ನು ಅವನ ಕಣ್ಣಿನ ಮಟ್ಟದಲ್ಲಿ ಟೇಪ್ ಹಾಕಿ ಅಂಟಿಸಿ, ಅಥವಾ ಕರಿಹಲಗೆಯ ಮೇಲೆ ಗಿಡ್ಡ ಸೀಮೆಸುಣ್ಣ ಕೊಡಿ. ನಿಂತ ಮೇಲ್ಮೈಯಲ್ಲಿ ಬರೆಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಬೆರಳುಗಳಿಗೆ ಸರಾಗವಾಗಿ ಮಡಚಲು ಬರುತ್ತದೆ. ಕಾಗದ ತೀರಾ ಕೆಳಗಿದ್ದರೆ ಮಣಿಕಟ್ಟು ಮತ್ತೆ ಒಳಕ್ಕೆ ಮಡಚಿಕೊಂಡು ಲಾಭವೆಲ್ಲ ಹೋಗುತ್ತದೆ, ಎತ್ತರ ತಪ್ಪಬೇಡಿ.

ಏನು ಬರೆಸುವುದು? ನೋಡಿ ಬರೆಯುವ ಆಕಾರಗಳಿಗೂ ಒಂದು ಕ್ರಮವಿದೆ: ನಿಂತ ಗೆರೆ, ಮಲಗಿದ ಗೆರೆ, ವೃತ್ತ, ಕೂಡು ಚಿಹ್ನೆ, ಓರೆಗೆರೆ, ಚೌಕ, ಗುಣಾಕಾರ ಚಿಹ್ನೆ, ತ್ರಿಕೋನ. ವೃತ್ತ ಸುಮಾರು 3ಕ್ಕೆ, ಕೂಡು ಚಿಹ್ನೆ 4ಕ್ಕೆ, ಚೌಕ ನಾಲ್ಕೂವರೆಯ ಆಸುಪಾಸು, ತ್ರಿಕೋನ 5 ದಾಟಿದ ಮೇಲೆ. ವಜ್ರಾಕೃತಿ 6–7ರವರೆಗೂ ಬರದಿರಬಹುದು. ಈ ಏಣಿಯಲ್ಲಿ ಮಗ ಎಲ್ಲಿದ್ದಾನೆ ನೋಡಿ, ಅದರ ಮುಂದಿನ ಒಂದೇ ಮೆಟ್ಟಿಲನ್ನು ಅಭ್ಯಾಸ ಮಾಡಿಸಿ. ದುಂಡನೆಯ ಅಕ್ಷರಗಳ ಲಿಪಿ ಕಲಿಯುವ ಮಗುವಿಗೆ ವೃತ್ತವನ್ನು ಶುರುಮಾಡಿದಲ್ಲೇ ತಂದು ಮುಚ್ಚುವುದು, ಬೇಕಾದಲ್ಲಿ ನಿಲ್ಲಿಸುವುದು, ಎರಡೂ ದಿಕ್ಕಿನಲ್ಲಿ ತಿರುಗಿಸುವುದು ಬರಬೇಕು. ಇವು ಬರುವ ಮುಂಚೆ ಅಕ್ಷರಕ್ಕೆ ಕೈಹಾಕಿದರೆ ಮಗು ಅಕ್ಷರವನ್ನು ಚೂರುಚೂರಾಗಿ ಜೋಡಿಸಿ ಚಿತ್ರದಂತೆ ಬಿಡಿಸಲು ಕಲಿಯುತ್ತದೆ. ಆ ರೂಢಿ ಆಮೇಲೆ ಬಿಡಿಸುವುದು ಕಷ್ಟ.

ಸಮಯ ದಿನಕ್ಕೆ 5ರಿಂದ 10 ನಿಮಿಷ. ರಜೆಯ ದಿನ ಮುಕ್ಕಾಲು ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಕೈ ಸೋತ ಮೇಲೆ ಬರೆದ ಪ್ರತಿ ಗೆರೆಯೂ ಕೆಟ್ಟ ಹಿಡಿತದ ಅಭ್ಯಾಸವೇ.

ಪೆನ್ಸಿಲ್ಲಿಗೆ ಸಿಕ್ಕಿಸುವ ರಬ್ಬರ್ ಹಿಡಿಕೆಯನ್ನು ಈಗಲೇ ತರಬೇಡಿ. ಮುಷ್ಟಿ ಹಿಡಿತದ ಮಗು ಅದನ್ನೂ ಮುಷ್ಟಿಯಲ್ಲೇ ಹಿಡಿಯುತ್ತದೆ. ಮೂರು ಬೆರಳು ಸೇರಿದ ಮೇಲೂ ಜಾರುತ್ತಿದ್ದರೆ ಆಗ ಯೋಚಿಸಬಹುದು. ಇನ್ನೊಂದು ಮಾತು: ಗುರಿ "ಪುಸ್ತಕದ ಚಿತ್ರದಲ್ಲಿರುವ" ಹಿಡಿತವೇ ಆಗಬೇಕಿಲ್ಲ. ನಾಲ್ಕು ಬೆರಳಿನ ಹಿಡಿತ, ಹೆಬ್ಬೆರಳು ಅಡ್ಡ ಬರುವ ಹಿಡಿತ ಇವುಗಳಲ್ಲೂ ವೇಗಕ್ಕಾಗಲಿ ಸ್ಪಷ್ಟತೆಗಾಗಲಿ ಹೇಳಿಕೊಳ್ಳುವಂಥ ಕೊರತೆ ಕಂಡುಬಂದಿಲ್ಲ. ನೋವಿಲ್ಲದೆ, ಬೆರಳುಗಳು ಆಡುತ್ತಾ, ಓದಲು ಬರುವಂತೆ ಬರೆದರೆ ಹಾಗೆಯೇ ಬಿಡಿ.

---

ಹೆಜ್ಜೆಗೆಜ್ಜೆ:

ನಾನು ಚಿಕ್ಕವಳ ಬಗ್ಗೆ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅವಧಿಗಳನ್ನು ನೋಡಿ. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ಹಿಡಿದು ನಿಲ್ಲುವುದು 4.8ರಿಂದ 11.4, ಅಂಬೆಗಾಲು 5.2ರಿಂದ 13.5, ಹಿಡಿದು ನಡೆಯುವುದು 5.9ರಿಂದ 13.7, ತಾನೇ ನಿಲ್ಲುವುದು 6.9ರಿಂದ 16.9, ತಾನೇ ನಡೆಯುವುದು 8.2ರಿಂದ 17.6. ಆರೋಗ್ಯವಂತ ಮಕ್ಕಳಲ್ಲೇ ಇಷ್ಟು ಅಂತರ! ಅದೇ ಅಧ್ಯಯನದಲ್ಲಿ ಶೇ 4.3ರಷ್ಟು ಮಕ್ಕಳು ಅಂಬೆಗಾಲನ್ನು ಇಡಲೇ ಇಲ್ಲ. ಆದ್ದರಿಂದ ಅಂಬೆಗಾಲು ಇಟ್ಟಿಲ್ಲ ಎಂಬುದೊಂದೇ ರೋಗಲಕ್ಷಣವಲ್ಲ. 13 ತಿಂಗಳಿಗೆ ನಡೆಯದಿರುವುದೂ ತಡವಲ್ಲ. ಮಗು ತಿಂಗಳು ತುಂಬುವ ಮುಂಚೆ ಹುಟ್ಟಿದ್ದರೆ ಎರಡು ವರ್ಷದವರೆಗೆ ಲೆಕ್ಕವನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಹಿಡಿಯಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ 13 ತಿಂಗಳ ಮಗುವನ್ನು 11 ತಿಂಗಳಿನದೆಂದೇ ನೋಡಬೇಕು.

ಕೂತು ಜಾರುವ ಮಕ್ಕಳು ಸಾಮಾನ್ಯವಾಗಿ ತಡವಾಗಿ ನಡೆಯುತ್ತಾರೆ, ಕೆಲವರು ಒಂದೂವರೆ ವರ್ಷವನ್ನೂ ದಾಟುತ್ತಾರೆ. ಕೈಗಳು ಖಾಲಿ, ನೋಟ ಎತ್ತರದಲ್ಲಿ, ಬೇಕಾದಲ್ಲಿಗೆ ತಲುಪುತ್ತಾರೆ. ಎದ್ದು ನಿಲ್ಲುವ ಅಗತ್ಯವೇ ಅವರಿಗೆ ಕಾಣುವುದಿಲ್ಲ. ಕಂಕುಳಲ್ಲಿ ಹಿಡಿದು ಎತ್ತಿ ನೆಲಕ್ಕೆ ಇಳಿಸಿದರೆ ಕಾಲೂರುವ ಬದಲು ಕಾಲನ್ನು ಮುಂದಕ್ಕೆ ಚಾಚಿ ಗಾಳಿಯಲ್ಲೇ ಕೂತಂತೆ ಮಾಡುವುದು ಇಂಥ ಮಕ್ಕಳಲ್ಲಿ ಬಹಳ ಕಾಣುವ ಸಂಗತಿ.

ಮನೆಯಲ್ಲೇ ಇವನ್ನು ನೋಡಿ ಬರೆಯಿರಿ: ಹಿಡಿದು ನಿಲ್ಲುತ್ತಾಳೆಯೇ? ನಿಂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ, ಬರೀ ತುದಿಗಾಲೇ? ಜಾರುವಾಗ ಯಾವಾಗಲೂ ಒಂದೇ ಕೈ ಊರುತ್ತಾಳೆಯೇ? ಎರಡೂ ಕೈಯಿಂದ ವಸ್ತು ಹಿಡಿಯುತ್ತಾಳೆಯೇ? ಸಣ್ಣ ಚೂರನ್ನು ಹೆಬ್ಬೆರಳು-ತೋರುಬೆರಳ ತುದಿಯಿಂದ ಹೆಕ್ಕುತ್ತಾಳೆಯೇ? ಈ ಕೊನೆಯದು 9ರಿಂದ 12 ತಿಂಗಳೊಳಗೆ ಬರುವಂಥದ್ದು.

ವಾಕರ್ ಬೇಡ. ಹಿರಿಯರಿಗೆ ಕಾರಣ ಸಮೇತ ಹೇಳಿ. ವಾಕರಿನಲ್ಲಿ ಮೈಭಾರ ಹೊರುವುದು ಸೀಟು, ಮಗುವಿನ ಕಾಲಲ್ಲ. ಮುಂದೆ ಹೋಗಲು ತುದಿಬೆರಳಿನಿಂದ ನೆಲ ಒದ್ದರೆ ಸಾಕು, ಸಮತೋಲನದ ಕೆಲಸವೇ ಇಲ್ಲ. ತನ್ನ ಪಾದ ತನಗೇ ಕಾಣುವುದಿಲ್ಲ. ಬೇಗ ನಡೆಯುವುದು ಹಾಗಿರಲಿ, ತಡವಾಗುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ದೊಡ್ಡ ಚಿಂತೆ ಮೆಟ್ಟಿಲಿನಿಂದ ಉರುಳುವುದು, ಬಿಸಿ ಪಾತ್ರೆಗೆ ಕೈ ತಲುಪುವುದು. ದೊಡ್ಡವರು ಪಕ್ಕದಲ್ಲಿದ್ದರೂ ತಡೆಯಲಾಗದಷ್ಟು ವೇಗ ಅದಕ್ಕಿದೆ. ಕೆನಡಾ 2004ರಲ್ಲಿ ವಾಕರುಗಳ ಮಾರಾಟವನ್ನೇ ನಿಷೇಧಿಸಿತು.

ಬದಲಿಗೆ ಹೀಗೆ ಮಾಡಿ. 12–15 ಸೆಂ.ಮೀ. ಎತ್ತರದ ಮಣೆಯ ಮೇಲೆ ಪಾದ ಊರುವಂತೆ ಕೂರಿಸಿ, ಎದುರಿಗೆ ಅವಳ ಎದೆಮಟ್ಟದ ಗಟ್ಟಿ ಪೀಠದ ಮೇಲೆ ಆಟಿಕೆ ಇಡಿ. ಅದಕ್ಕಾಗಿ ಅವಳು ಮುಂದೆ ಬಾಗಿ ಏಳಬೇಕು. ಕೈ ಹಿಡಿದು ಎಳೆಯಬೇಡಿ. ಎಳೆದರೆ ಭಾರ ಹಿಂದಕ್ಕೆ ಬೀಳುತ್ತದೆ. ಏಳಲು ಭಾರ ಮುಂದಕ್ಕೆ, ಪಾದದ ಮೇಲೆ ಬರಬೇಕು. ಮಂಡಿಯ ಬಳಿ ಮೆಲ್ಲನೆ ಕೆಳಮುಖವಾಗಿ ಒತ್ತಿದರೆ ಪಾದ ಊರಲು ನೆನಪಾಗುತ್ತದೆ. ನಿಲ್ಲಲು ಶುರುವಾದ ಮೇಲೆ ಆಟಿಕೆಯನ್ನು ಪಕ್ಕಕ್ಕೆ ಸರಿಸುತ್ತಾ ಹೋಗಿ, ಪೀಠ ಹಿಡಿದು ಅಡ್ಡಡ್ಡ ನಡೆಯಲಿ. ಮುಂದೆ ಎರಡು ಪೀಠಗಳ ನಡುವೆ 20 ಸೆಂ.ಮೀ. ಸಂದು ಬಿಡಿ, ನಂತರ 30, ನಂತರ ಎರಡು ಕೈ ಚಾಚಿದರೂ ತಲುಪದಷ್ಟು. ತಳ್ಳುವ ಪೆಟ್ಟಿಗೆ ಕೊಡುವುದಾದರೆ ಒಳಗೆ ಪುಸ್ತಕ ತುಂಬಿ ಭಾರ ಮಾಡಿ. ಹಗುರ ಪೆಟ್ಟಿಗೆ ಮುಂದೋಡಿ ಮಗು ಮುಗ್ಗರಿಸುತ್ತದೆ. ಒಳಾಂಗಣದಲ್ಲಿ ಬರಿಗಾಲೇ ಒಳ್ಳೆಯದು, ಕಾಲುಚೀಲ ಜಾರುತ್ತದೆ.

---

ಕಾಗದದೋಣಿ:

ಕತ್ತರಿಯ ವಿಷಯದಲ್ಲಿ ಮಗನ ತಪ್ಪು ಏನೂ ಇರಲಿಕ್ಕಿಲ್ಲ. ಅವನು ಎಡಚ, ಕತ್ತರಿ ಬಹುಶಃ ಬಲಗೈಯದು.

ಬಲಗೈ ಕತ್ತರಿಯಲ್ಲಿ ಮೇಲಿನ ಅಲಗು ಬಲಬದಿಯಲ್ಲಿರುತ್ತದೆ. ಬಲಗೈ ಮುಚ್ಚುವಾಗ ಹೆಬ್ಬೆರಳು ಸಹಜವಾಗಿಯೇ ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳು ಒಳಕ್ಕೆ ಎಳೆಯುತ್ತವೆ, ಎರಡು ಅಲಗು ಒಂದಕ್ಕೊಂದು ಒತ್ತಿಕೊಂಡು ಕತ್ತರಿಸುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಆ ಬಲ ಅಲಗುಗಳನ್ನು ದೂರ ಸರಿಸುತ್ತದೆ. ಸಂದಾದಲ್ಲಿ ಕಾಗದ ಮಡಚಿಕೊಳ್ಳುತ್ತದೆ. ನೀವು ಬರೆದ ಲಕ್ಷಣ ಅಕ್ಷರಶಃ ಇದೇ. ಮೇಲಾಗಿ, ಕತ್ತರಿಸಬೇಕಾದ ಗೆರೆ ಅಲಗಿನ ಹಿಂದೆ ಮರೆಯಾಗುವುದರಿಂದ ಮಗು ಮಣಿಕಟ್ಟು ತಿರುಚಿ ಇಣುಕುತ್ತದೆ. ಹಿಡಿಕೆ ಎರಡೂ ಕೈಗೆ ಹೊಂದುತ್ತದೆ ಎಂದು ಮಾರುವ ಎಷ್ಟೋ ಕತ್ತರಿಗಳಲ್ಲಿ ಅಲಗು ಮಾತ್ರ ಬಲಗೈಯದೇ. ಕೊಳ್ಳುವಾಗ ಕತ್ತರಿಸುವ ಭಂಗಿಯಲ್ಲಿ, ಮೊನೆ ಮುಂದಕ್ಕಿರುವಂತೆ ಹಿಡಿದು ನೋಡಿ: ಮೇಲೆ ಬರುವ ಅಲಗು ಎಡಬದಿಯಲ್ಲಿದ್ದರೆ ಅದು ನಿಜವಾದ ಎಡಗೈ ಕತ್ತರಿ.

ಸರಿಯಾದ ಕತ್ತರಿ ಬಂದ ಮೇಲೆ ತೆಳು ಕಾಗದ ಕೊಡಬೇಡಿ, ಬಾಗುತ್ತದೆ. ಆಹ್ವಾನಪತ್ರಿಕೆಯಷ್ಟು ದಪ್ಪದ ರಟ್ಟುಕಾಗದದ 2 ಸೆಂ.ಮೀ. ಅಗಲದ ಪಟ್ಟಿ ಮಾಡಿ. ಒಂದೇ ಕಚ್ಚಿಗೆ ತುಂಡು ಬೀಳಬೇಕು. ಆ ಗೆಲುವು ಮಕ್ಕಳಿಗೆ ಬೇಕು. ನಂತರ 5 ಸೆಂ.ಮೀ. ಪಟ್ಟಿ, ಎರಡು-ಮೂರು ಕಚ್ಚು. ಇಲ್ಲಿ ಕಲಿಯುವುದು ಕತ್ತರಿಯನ್ನು ಪೂರ್ತಿ ಮುಚ್ಚದೆ ಮತ್ತೆ ತೆರೆದು ಮುಂದೆ ಸಾಗುವುದು. ಆಮೇಲೆ 15 ಸೆಂ.ಮೀ. ನೇರ ಗೆರೆ, ಮೊದಲು 1 ಸೆಂ.ಮೀ. ದಪ್ಪ, ಸರಾಗವಾದಂತೆ 3 ಮಿ.ಮೀ. ಡೊಂಕು ಗೆರೆ ಅದಾದ ಮೇಲೆ, ಪೂರ್ತಿ ವೃತ್ತ ಐದರ ಸುಮಾರಿಗೆ. ಎಡಚರು ವೃತ್ತವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕತ್ತರಿಸಬೇಕು, ಬಲಗೈಯವರು ಅದರ ವಿರುದ್ಧ. ಬಹಳ ಕಡೆ ಹೇಳಿಕೊಡುವವರು ಬಲಗೈಯವರಾದ್ದರಿಂದ ಇದು ತಪ್ಪುತ್ತದೆ.

ಹೆಬ್ಬೆರಳು ಸದಾ ಆಕಾಶ ನೋಡಬೇಕು, ಎರಡೂ ಕೈಯದು. ಮೊಣಕೈ ರೆಕ್ಕೆಯಂತೆ ಎದ್ದರೆ ಹೆಬ್ಬೆರಳು ಕೆಳಗೆ ತಿರುಗುತ್ತದೆ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಸಿಕ್ಕಿಸಿ, ಬೀಳಿಸದೆ ಕತ್ತರಿಸಲು ಹೇಳಿ. ಕತ್ತರಿ ನೇರ ಮುಂದೆಯೇ ಇರಲಿ. ತಿರುಗಬೇಕಾದ್ದು ಕಾಗದ ಹಿಡಿದ ಕೈ.

ಬರೆಯುವಾಗಲೂ ಎಡಚರಿಗೆ ಬೇರೆ ಲೆಕ್ಕ. ಕಾಗದದ ಎಡಮೂಲೆ ಮೇಲೆ ಹೋಗುವಂತೆ 30 ಡಿಗ್ರಿ ಆಸುಪಾಸು ಓರೆ ಮಾಡಿ, ಕಾಗದವನ್ನು ಮೈಯ ಮಧ್ಯಕ್ಕಿಂತ ಸ್ವಲ್ಪ ಎಡಕ್ಕೆ ಇಡಿ. ಪೆನ್ಸಿಲ್ಲನ್ನು ಮೊನೆಯಿಂದ ಮೂರು-ನಾಲ್ಕು ಸೆಂ.ಮೀ. ಮೇಲೆ ಹಿಡಿಯಲಿ, ಬರೆದದ್ದು ಕಾಣುತ್ತದೆ, ಕೈಯಿಂದ ಒರೆಸಿಹೋಗುವುದಿಲ್ಲ. ಇದನ್ನು ಮೊದಲೇ ಮಾಡಿಸದಿದ್ದರೆ ಮಣಿಕಟ್ಟನ್ನು ಕೊಕ್ಕೆಯಂತೆ ಮಡಚಿ ಮೇಲಿನಿಂದ ಬರೆಯುವ ರೂಢಿ ಬೀಳುತ್ತದೆ. ಮಾದರಿ ಅಕ್ಷರ ಸಾಲಿನ ಎಡತುದಿಯಲ್ಲಿದ್ದರೆ ಅವನ ಕೈಯೇ ಅದನ್ನು ಮುಚ್ಚುತ್ತದೆ. ಬಲತುದಿಯಲ್ಲೂ ಒಂದು ಬರೆದುಕೊಡಿ.

ಬಲಗೈಗೆ ಬದಲಿಸುವ ಯೋಚನೆ ಯಾರಾದರೂ ಮುಂದಿಟ್ಟರೆ ದಯವಿಟ್ಟು ಒಪ್ಪಬೇಡಿ.

---

ಮೈದಾನ:

ಚೆಂಡಿಗೆ ಕಣ್ಣು ಮುಚ್ಚುವುದು ಆ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ. ಚೆಂಡು ಮುಖಕ್ಕೆ ಬಡಿದ ನೆನಪಿದ್ದರೆ ಇನ್ನೂ ಹೆಚ್ಚು. ವೇಗ ಇಳಿಸಬೇಕು, ಭಯ ತಾನಾಗಿ ಇಳಿಯುತ್ತದೆ. ಮೊದಲು ಕುಳಿತು ಕಾಲು ಅಗಲಿಸಿ ನೆಲದ ಮೇಲೆ ಉರುಳಿಸುವುದು. ನಂತರ ತೆಳುಬಟ್ಟೆಯ ಕರವಸ್ತ್ರ ಮೇಲಕ್ಕೆ ಹಾರಿಸಿ ಹಿಡಿಯುವುದು, ಅದು ನಿಧಾನವಾಗಿ ತೇಲಿ ಬರುತ್ತದೆ. ಬಲೂನೂ ಆಗುತ್ತದೆ, ಆದರೆ ಚಿಕ್ಕವಳ ಕೈಗೆ ಒಡೆದ ಬಲೂನಿನ ಚೂರು ಸಿಗದಂತೆ ನೋಡಿ, ಉಸಿರುಗಟ್ಟಿಸುತ್ತದೆ. ಆಮೇಲೆ 20–25 ಸೆಂ.ಮೀ. ಅಳತೆಯ, ಅರೆಗಾಳಿ ತುಂಬಿದ ಮೆತ್ತನೆ ಚೆಂಡು, ಒಂದೂವರೆ ಮೀಟರ್ ದೂರದಿಂದ, ಕೆಳಗೈಯಲ್ಲಿ, ಅವನ ಹೊಟ್ಟೆಯ ಮಟ್ಟಕ್ಕೆ. ಹತ್ತರಲ್ಲಿ ಏಳೆಂಟು ಹಿಡಿದ ಮೇಲಷ್ಟೇ ಅರ್ಧ ಮೀಟರ್ ಹಿಂದೆ ಸರಿಯಿರಿ. ದೂರ ಮತ್ತು ಚೆಂಡಿನ ಗಾತ್ರ ಎರಡನ್ನೂ ಒಟ್ಟಿಗೇ ಬದಲಿಸಬೇಡಿ. "ನೋಡು" ಎಂದರೆ ಏನನ್ನು ನೋಡಬೇಕೆಂದು ಅವನಿಗೆ ತಿಳಿಯದು. ಚೆಂಡಿನ ಮೇಲೆ ದೊಡ್ಡ ಚುಕ್ಕೆ ಬರೆದು "ಚುಕ್ಕೆ ಎಲ್ಲಿದೆ ಹೇಳು" ಎನ್ನಿ.

ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ನೋಡಿ. 4 ವರ್ಷಕ್ಕೆ 5 ಸೆಕೆಂಡ್, 5ಕ್ಕೆ 8–10 ಸೆಕೆಂಡ್ ಸಾಮಾನ್ಯ. ಮೆಟ್ಟಿಲು ಇಳಿಯುವಾಗ ಮೆಟ್ಟಿಲಿಗೊಂದೇ ಕಾಲು ಇಡುವುದು 4ರ ಹೊತ್ತಿಗೆ ಬರುತ್ತದೆ, ಒಂಟಿಕಾಲಲ್ಲಿ ಕುಪ್ಪಳಿಸುವುದೂ ಅಷ್ಟರಲ್ಲೇ. ಓಡುವುದರಲ್ಲಿ ಚುರುಕಾಗಿ ಕಂಡರೂ ಇವುಗಳಲ್ಲಿ ಹಿಂದಿರುವ ಮಕ್ಕಳಿದ್ದಾರೆ, ಏಕೆಂದರೆ ವೇಗವಾಗಿ ಓಡುವಾಗ ಸಮತೋಲನದ ಕೊರತೆ ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಬಯಲಾಗುತ್ತದೆ.

ಭುಜ, ಬೆನ್ನು ಗಟ್ಟಿಯಾಗದೆ ಬೆರಳು ಗಟ್ಟಿಯಾಗುವುದಿಲ್ಲ. ಹಾಗಾಗಿ ಎರಡು-ಮೂರು ತಿಂಗಳು ಪೆನ್ಸಿಲ್ ಪಕ್ಕಕ್ಕಿಟ್ಟು ಕೈಮೇಲೆ ನಡೆಯುವುದು, ನೇತಾಡುವುದು, ಏಣಿ ಹತ್ತುವುದು, ತಳ್ಳು-ಎಳೆ ಆಟಗಳನ್ನೇ ಆಡಿಸಿ ಎನ್ನುವುದು ನನ್ನ ಸಲಹೆ.

---

ಬೆರಳಿಗೆಬೆರಳು:

ಮೈದಾನ ಅವರೇ, ಚೆಂಡಿನ ಬಗ್ಗೆ ಹೇಳಿದ್ದಕ್ಕೆಲ್ಲ ಸಹಮತ. ಕೊನೆಯ ಮಾತಿಗೆ ಇಲ್ಲ.

ನಡುಮೈ ಗಟ್ಟಿಯಾದ ಮೇಲೆ ಬೆರಳು ಎಂಬುದು ಬಹಳ ಕಾಲದಿಂದ ಬಂದ ನಂಬಿಕೆ. ಶೈಶವದ ಬೆಳವಣಿಗೆಯ ಸಾಮಾನ್ಯ ದಿಕ್ಕು ಅದೇ ಹೌದು. ಆದರೆ ಏಣಿ ಹತ್ತಿಸಿದರೆ ಏಣಿ ಹತ್ತುವುದು ಸುಧಾರಿಸುತ್ತದೆ, ಬರವಣಿಗೆ ತಾನಾಗಿ ಸುಧಾರಿಸುವುದಿಲ್ಲ. ಚಲನೆಯ ತೊಂದರೆಯಿರುವ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡದ್ದು, ಕಲಿಯಬೇಕಾದ ಕೆಲಸವನ್ನೇ ಮಗುವಿನ ಅಳತೆಗೆ ಇಳಿಸಿ ಅಭ್ಯಾಸ ಮಾಡಿಸುವ ವಿಧಾನ, ಸ್ನಾಯುಬಲ ಅಥವಾ ಇಂದ್ರಿಯಗಳ ತಯಾರಿಯನ್ನಷ್ಟೇ ಮಾಡಿಸುವ ವಿಧಾನಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು. ಕೆನಡಾದ ಸಂಶೋಧಕಿ ಹೆಲೀನ್ ಪೊಲಟಾಯ್ಕೊ ಮತ್ತು ಜೊತೆಗಾರರು ಬೆಳೆಸಿದ ವಿಧಾನದ ತಿರುಳೂ ಅದೇ: ಗುರಿ ಹೇಳು, ಉಪಾಯ ಹೂಡು, ಮಾಡು, ಸರಿಬಂತೇ ನೋಡು. ಉಪಾಯವನ್ನು ಮಗುವೇ ಹುಡುಕುವಂತೆ ಪ್ರಶ್ನೆ ಕೇಳುವುದು ಅಲ್ಲಿ ಮುಖ್ಯ. "ನಿನ್ನ ವೃತ್ತ ಎಲ್ಲಿ ಬಾಯಿಬಿಟ್ಟಿದೆ? ಮುಂದಿನದು ಮುಚ್ಚಲು ಏನು ಮಾಡ್ತೀಯ?" ಇಷ್ಟು ಸಾಕು.

ಅಂದರೆ ಆಟ ಬೇಡವೆಂದಲ್ಲ! 3–4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಆರೋಗ್ಯಕ್ಕೆ, ಸಂತೋಷಕ್ಕೆ ಬೇಕೇ ಬೇಕು. ಆ ಮೂರು ಗಂಟೆಯಿಂದ ಹತ್ತು ನಿಮಿಷದ ಕ್ರೇಯಾನ್ ಕೆಲಸವನ್ನು ಕಿತ್ತುಹಾಕಬೇಡಿ ಎಂದಷ್ಟೇ ನನ್ನ ಮಾತು.

ಪುಟ್ಟ ಮಗುವಿನ ಕೈಯ ಎಕ್ಸ್‌ರೇ ತೋರಿಸಿ "ಮೂಳೆಯೇ ಇಲ್ಲ, ಏಳು ವರ್ಷದವರೆಗೆ ಬರೆಸಬೇಡಿ" ಎನ್ನುವ ಚಿತ್ರವೂ ಎಲ್ಲೆಡೆ ಓಡಾಡುತ್ತಿದೆ. ಮಣಿಕಟ್ಟಿನ ಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯಾಗಿದ್ದು ವರ್ಷಗಳುದ್ದಕ್ಕೂ ಒಂದೊಂದಾಗಿ ಗಟ್ಟಿಯಾಗುವುದು ನಿಜ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಷ್ಟೇ. ಅಲ್ಲಿ ಖಾಲಿ ಜಾಗವಿಲ್ಲ. ಬರೆಯಲು ಸಿದ್ಧತೆ ಬರುವುದು ನರ-ಸ್ನಾಯುಗಳ ಹತೋಟಿ, ಕಣ್ಣು-ಕೈ ಹೊಂದಾಣಿಕೆ, ಅಭ್ಯಾಸ ಇವುಗಳಿಂದ.

---

ಮೈದಾನ:

ಒಪ್ಪಿದೆ, ಪೆನ್ಸಿಲ್ ಪೂರ್ತಿ ಪಕ್ಕಕ್ಕಿಡುವುದು ಬೇಡ. ಬೆರಳಿನ ಬಲಕ್ಕೆ ಯಾವ ಆಟ ಎಂಬುದನ್ನೂ ನೀವೇ ಹೇಳಿಬಿಡಿ.

---

ಎಳೆಬಿಸಿಲು:

ಎಲ್ಲರಿಗೂ ಕೃತಜ್ಞತೆ. ನೋಡಿ ಬಂದೆ. ಕುರ್ಚಿಯಲ್ಲಿ ಪಾದ ತೂಗಾಡುತ್ತದೆ. ಕತ್ತರಿ ಬಲಗೈಯದೇ. ವೃತ್ತ, ಕೂಡು ಚಿಹ್ನೆ ಬರುತ್ತದೆ, ಚೌಕದ ಮೂಲೆ ದುಂಡಗಾಗುತ್ತದೆ. ಒಂಟಿಕಾಲಲ್ಲಿ 4 ಸೆಕೆಂಡ್. ಚಿಕ್ಕವಳು ಹಿಡಿದು ನಿಲ್ಲುತ್ತಾಳೆ, ಹಿಮ್ಮಡಿ ತಾಗುತ್ತದೆ, ಎರಡೂ ಕೈ ಸಮ, ತಿಂಗಳು ತುಂಬಿ ಹುಟ್ಟಿದವಳು.

ಮೂರು ಸಂಶಯ ಉಳಿದಿವೆ. ಒತ್ತಿ ಬರೆಯುವುದನ್ನು ಹೇಗೆ ಬಿಡಿಸುವುದು? ಯಾವ ಲಕ್ಷಣ ಕಂಡರೆ ಕಾಯಬಾರದು? ಶಾಲೆಗೆ ಏನು ಹೇಳಲಿ?

---

ಹೆಜ್ಜೆಗೆಜ್ಜೆ:

ಚಿಕ್ಕವಳ ಉತ್ತರಗಳು ಸಮಾಧಾನಕರ. ಮೇಲೆ ಹೇಳಿದ್ದನ್ನು ಮಾಡಿಸುತ್ತಿರಿ. ಮುಂದಿನ ಲಸಿಕೆಗೆ ಹೋದಾಗ ಮಕ್ಕಳ ವೈದ್ಯರಿಗೆ ಒಮ್ಮೆ ಹೇಳಿಡಿ, 18 ತಿಂಗಳಿಗೂ ನಡೆಯದಿದ್ದರೆ ತಪ್ಪದೆ ತಪಾಸಣೆ ಮಾಡಿಸಿ.

ಕಾಯಬಾರದ ಲಕ್ಷಣಗಳು, ಯಾವ ಮಗುವಿಗೇ ಆಗಲಿ: ಬಂದ ಕೌಶಲ ಕಳೆದುಹೋಗುವುದು (ಇದು ಎಲ್ಲಕ್ಕಿಂತ ತುರ್ತು, ವಯಸ್ಸು ಯಾವುದೇ ಇರಲಿ). 9 ತಿಂಗಳು ದಾಟಿದರೂ ಆಧಾರವಿಲ್ಲದೆ ಕೂರದಿರುವುದು. ಒಂದು ವರ್ಷಕ್ಕೆ ಮುಂಚೆಯೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದು ಇಟ್ಟುಕೊಳ್ಳುವುದು. ಇದನ್ನು "ಎಡಚ" "ಬಲಚ" ಎಂದು ಸಂಭ್ರಮಿಸುತ್ತಾರೆ, ಆದರೆ ಅಷ್ಟು ಬೇಗ ಕೈ ಆಯ್ಕೆ ಬರುವುದು ಇನ್ನೊಂದು ಬದಿಯ ದೌರ್ಬಲ್ಯದ ಸೂಚನೆ ಇರಬಹುದು. ಮೈ ಸದಾ ಬಿಗಿಯಾಗಿರುವುದು ಅಥವಾ ಹಿಡಿದಾಗ ಕೈಯಿಂದ ಜಾರುವಷ್ಟು ಸಡಿಲವಾಗಿರುವುದು. ಹಿಮ್ಮಡಿಯನ್ನು ಎಂದೂ ಊರದೆ ತುದಿಗಾಲಲ್ಲೇ ನಡೆಯುವುದು.

ದೊಡ್ಡ ಮಕ್ಕಳಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ನೆಲದಿಂದ ಏಳುವ ರೀತಿ ನೋಡಿ. ಮೊದಲು ಬೋರಲಾಗಿ ನಾಲ್ಕು ಕಾಲಿನ ಮೇಲಾಗಿ, ಆಮೇಲೆ ತೊಡೆಯ ಮೇಲೆ ಕೈ ಊರಿ ಊರಿ ತನ್ನ ಮೈಯನ್ನೇ ಹತ್ತಿದಂತೆ ಏಳುತ್ತಿದ್ದರೆ, ಮೀನಖಂಡ ದಪ್ಪಗಿದ್ದು ಮೆಟ್ಟಿಲು ಹತ್ತಲು ಕಷ್ಟವಾಗುತ್ತಿದ್ದರೆ, ವ್ಯಾಯಾಮ ಮಾಡಿಸುತ್ತಾ ಕೂರಬೇಡಿ. ಕ್ರಿಯಾಟಿನ್ ಕೈನೇಸ್ ಎಂಬ ಸರಳ ರಕ್ತಪರೀಕ್ಷೆಯಿಂದ ಸ್ನಾಯುರೋಗದ ಸುಳಿವು ಸಿಗುತ್ತದೆ.

ನಿಮ್ಮ ಮಗನಿಗೆ ಮೊದಲು ಮಾಡಿಸಬೇಕಾದ್ದು ಕಣ್ಣಿನ ತಪಾಸಣೆ. ಚೆಂಡು, ಗೆರೆ ಎರಡರಲ್ಲೂ ತೊಡಕಿದ್ದರೆ ಥೆರಪಿಗಿಂತ ಮುಂಚೆ ದೃಷ್ಟಿ ನೋಡಬೇಕು. ಚಲನಾ ಹೊಂದಾಣಿಕೆಯ ತೊಂದರೆ ಎಂಬ ನಿರ್ಣಯವನ್ನು ಸಾಮಾನ್ಯವಾಗಿ 5 ವರ್ಷಕ್ಕೆ ಮುಂಚೆ ಕೊಡುವುದಿಲ್ಲ. ಶಾಲಾ ವಯಸ್ಸಿನ ಮಕ್ಕಳಲ್ಲಿ ಅದು ಶೇ 5–6ರಷ್ಟಿದೆ, ಅಪರೂಪವೇನಲ್ಲ. ಮೂರು ತಿಂಗಳ ಅಭ್ಯಾಸದ ನಂತರವೂ ಮುಷ್ಟಿ ಬಿಡದಿದ್ದರೆ, ಅಥವಾ ಗುಂಡಿ ಹಾಕುವುದು, ಚಮಚ ಹಿಡಿಯುವುದು, ಚಪ್ಪಲಿ ಮೆಟ್ಟುವುದರಲ್ಲೂ ಓರಗೆಯವರಿಗಿಂತ ಹಿಂದಿದ್ದರೆ ಆಕ್ಯುಪೇಷನಲ್ ಥೆರಪಿಸ್ಟರನ್ನು (ಬರೆಯುವುದು, ಉಣ್ಣುವುದು, ಬಟ್ಟೆ ಹಾಕುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ರೂಢಿಸುವ ತಜ್ಞರನ್ನು) ಕಾಣಿ.

---

ಬೆರಳಿಗೆಬೆರಳು:

ಒತ್ತಡಕ್ಕೆ: ಎರಡು ಹಾಳೆಯ ನಡುವೆ ಕಾರ್ಬನ್ ಕಾಗದ ಇಟ್ಟು ಗೆರೆ ಎಳೆಸಿ. ಕೆಳಗಿನ ಹಾಳೆಯಲ್ಲಿ ಗೆರೆ ಮೂಡಿದರೆ "ಜೋರು", ಮೂಡದಿದ್ದರೆ "ಮೆಲ್ಲಗೆ". ಎರಡನ್ನೂ ಬೇಕೆಂದೇ ಮಾಡಿಸಿ, ಆಗ ಕೈಗೆ ವ್ಯತ್ಯಾಸ ತಿಳಿಯುತ್ತದೆ. "ಒತ್ತಬೇಡ" ಎಂದಷ್ಟೇ ಹೇಳಿದರೆ ತಿಳಿಯದು. ಇನ್ನೊಂದು ದಾರಿ, ಹಾಳೆಯ ಕೆಳಗೆ ಮೆತ್ತನೆ ಬಟ್ಟೆ ಹಾಸುವುದು. ಒತ್ತಿದರೆ ಮೊನೆ ತೂರುತ್ತದೆ, ಆಟವಾಗಿಯೇ ಹಗುರ ಮಾಡುತ್ತಾನೆ. 2ಬಿ ಪೆನ್ಸಿಲ್ ಕೊಡಿ, ಕಡಿಮೆ ಒತ್ತಡಕ್ಕೇ ಕಪ್ಪಗೆ ಮೂಡುವುದರಿಂದ ಒತ್ತುವ ಕಾರಣವೇ ಹೋಗುತ್ತದೆ. ಉಗುರಿನ ತುದಿ ಬೆಳ್ಳಗಾಗುವುದು, ತೋರುಬೆರಳಿನ ಕೊನೆಯ ಗೆಣ್ಣು ಒಳಕ್ಕೆ ಕುಸಿಯುವುದು ಅತಿಯಾಗಿ ಒತ್ತುತ್ತಿರುವ ಗುರುತು.

ಬೆರಳಿನ ಆಟ ಕೇಳಿದ್ದಿರಿ. ಬಟ್ಟೆ ಕ್ಲಿಪ್ಪುಗಳನ್ನು ರಟ್ಟಿನ ಅಂಚಿಗೆ ಸಿಕ್ಕಿಸುವುದು, ಆದರೆ ಹೆಬ್ಬೆರಳು-ತೋರುಬೆರಳ ತುದಿಯಿಂದ ಮಾತ್ರ. ತೋರುಬೆರಳಿನ ಪಕ್ಕದಿಂದ ಒತ್ತುತ್ತಿದ್ದರೆ ಸ್ಪ್ರಿಂಗ್ ಬಿಗಿ, ಸಡಿಲವಾದದ್ದು ಹುಡುಕಿ. ನೀರು ಚಿಮುಕಿಸುವ ಸಣ್ಣ ಬಾಟಲಿ, ಅರ್ಧ ಮಾತ್ರ ತುಂಬಿ. ಅಂಗೈಯೊಳಗಿನ ಚಲನೆಗೆ ನಾಣ್ಯ: ಒಂದೊಂದಾಗಿ ಐದು ನಾಣ್ಯ ಹೆಕ್ಕಿ ಅದೇ ಕೈಯ ಅಂಗೈಯಲ್ಲಿ ಬಚ್ಚಿಟ್ಟು, ಮತ್ತೆ ಒಂದೊಂದನ್ನೇ ಬೆರಳ ತುದಿಗೆ ತಂದು ಡಬ್ಬಿಯ ಸೀಳಿಗೆ ಹಾಕುವುದು. ಇನ್ನೊಂದು ಕೈಯ ಸಹಾಯ ಪಡೆದರೆ ಲೆಕ್ಕಕ್ಕಿಲ್ಲ. ಮೊದಲು ಎರಡೇ ನಾಣ್ಯ ಸಾಕು. ನಾದಿದ ಹಿಟ್ಟಿನ ಮುದ್ದೆಯೂ ಚೆನ್ನ: 2 ಲೋಟ ಹಿಟ್ಟಿಗೆ 1 ಲೋಟ ಉಪ್ಪು, 1 ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಲೋಟ ನೀರು ಸ್ವಲ್ಪಸ್ವಲ್ಪವೇ. ಉಪ್ಪು ಅಷ್ಟಿರುವುದರಿಂದ ಚಿಕ್ಕವಳ ಬಾಯಿಗೆ ಹೋಗಬಾರದು. ನಾಣ್ಯ, ಮಣಿಯಂಥವೂ ಅಷ್ಟೇ, 3.17 ಸೆಂ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿಗೆ ಅಪಾಯ. ಈ ಆಟಗಳನ್ನು ಅವಳು ಮಲಗಿದಾಗ ಆಡಿಸಿ, ಮುಗಿದ ಮೇಲೆ ಎಣಿಸಿ ಎತ್ತಿಡಿ.

ಶಾಲೆಗೆ ದೂರು ಎಂಬಂತಲ್ಲದೆ ಕೋರಿಕೆಯಾಗಿ ಬರೆಯಿರಿ. ಹೀಗೆ: "ಮಗು ಎಡಚ, ಹಿಡಿತ ಇನ್ನೂ ರೂಪುಗೊಳ್ಳುತ್ತಿದೆ. ಮೂರು ತಿಂಗಳು ದಿನಕ್ಕೊಂದು ಪುಟದ ಬದಲು ಐದು ದೊಡ್ಡ ಆಕಾರ ಅಥವಾ ಐದು ಅಕ್ಷರ ಬರೆಸುತ್ತೇವೆ, ಅದರಲ್ಲಿ ಚೆನ್ನಾಗಿ ಬಂದದ್ದಕ್ಕೆ ಅವನೇ ಸುತ್ತು ಹಾಕುತ್ತಾನೆ. ತರಗತಿಯಲ್ಲಿ ಕಾಲಿಗೆ ಆಸರೆ, ಎಡಗೈ ಕತ್ತರಿ, ಗಿಡ್ಡ ಕ್ರೇಯಾನ್ ಕೊಡಬಹುದೇ? ಬೆಂಚಿನಲ್ಲಿ ಎಡತುದಿಗೆ ಕೂರಿಸಬಹುದೇ?" ಈ ಕೊನೆಯದನ್ನು ಬಿಡಬೇಡಿ. ಎಡಚನ ಎಡಕ್ಕೆ ಬಲಗೈಯ ಮಗು ಕೂತರೆ ಇಬ್ಬರ ಮೊಣಕೈಯೂ ಇಡೀ ದಿನ ಡಿಕ್ಕಿ ಹೊಡೆಯುತ್ತಿರುತ್ತದೆ. ತಿಂಗಳಿಗೊಮ್ಮೆ ಅದೇ ಚೌಕ, ಅದೇ ಐದು ಅಕ್ಷರ ಬರೆಸಿ ದಿನಾಂಕ ಹಾಕಿ ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಶಿಕ್ಷಕರಿಗಾಗಲಿ ಥೆರಪಿಸ್ಟರಿಗಾಗಲಿ ಆ ಹಾಳೆಗಳನ್ನೇ ತೋರಿಸಿ.